ಕುಡಚಿ ಹಲಗೆಯ ಏಳು ಅಕ್ಷರಗಳು

ನಾನು ಚಿಕ್ಕವನಿದ್ದಾಗ, ಐದನೇ ಇಯತ್ತೆಗೆ ಬಂದು ಆಗಷ್ಟೇ ಎಬಿಸಿಡಿ ಕಲಿತಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ಅಕ್ಕನ ಜೊತೆ ಕುಡಚಿ ಸ್ಟೇಷನ್ನಿನಲ್ಲಿ ಮಿರಜದಿಂದ ಬರುವ ಗಾಡಿಗಾಗಿ ಕಾಯುತ್ತಿದ್ದೆ. ಅಪ್ಪನ ಒಂದು ಕಣ್ಣು ಹುಟ್ಟಿನಿಂದಲೇ ಮಂಜು. ಇನ್ನೊಂದಕ್ಕೆ ಕಬ್ಬು ಕಡಿಯುವಾಗ ಗರಿ ಬಡಿದು ಗಾಯವಾಗಿತ್ತು. ಅವ್ವ ಅವನನ್ನು ಮಿರಜದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಪಟ್ಟಿ ಬಿಚ್ಚಿದ ಮೇಲೆ ಅಪ್ಪನಿಗೆ ಕಾಣಿಸಿತೋ ಇಲ್ಲವೋ, ನಮಗೆ ಗೊತ್ತಿರಲಿಲ್ಲ.

ಕಾಕಾ ಚಕ್ಕಡಿಯನ್ನು ಹೊರಗೆ ಬೇವಿನ ನೆರಳಲ್ಲಿ ನಿಲ್ಲಿಸಿ ಎತ್ತುಗಳನ್ನು ನೋಡಿಕೊಳ್ಳುತ್ತಿದ್ದ. ಬಿಸಿಲಿಗೆ ಹಳಿಗಳು ಹೊಳೆಯುತ್ತಿದ್ದವು. ಎಲ್ಲೆಡೆ ಇದ್ದಲ ಹೊಗೆಯ ವಾಸನೆ. ನನಗೆ ಅಳು ಬರುವಂತಾದಾಗ ಅಕ್ಕ ಊರಿನ ಹೆಸರು ಬರೆದ ಹಳದಿ ಹಲಗೆಯನ್ನು ತೋರಿಸಿದಳು.

“ಇಂಗ್ಲಿಷಿನ್ಯಾಗ ಏಳ ಅಕ್ಷರ ಅದಾವ ನೋಡು, ತಮ್ಮಾ. ಇಷ್ಟರಾಗ ಎಷ್ಟ ಶಬ್ದ ಅಡಗ್ಯಾವ, ಹುಡುಕೂಣು. ಹೊರಗಿನ ಅಕ್ಷರ ತರೂಹಂಗಿಲ್ಲ.”

ಕೆ, ಯು, ಡಿ, ಎ, ಸಿ, ಎಚ್, ಐ. ಅಕ್ಕ ಡಿ, ಯು, ಸಿ, ಕೆ ಹೆಕ್ಕಿ “ಡಕ್!” ಅಂದಳು. ಹಲಗೆಯೊಳಗಿಂದ ಬಾತುಕೋಳಿಯೇ ಹೊರಬಂದಂತೆ ನಾನು ಬೆರಗಾದೆ. ಕೆ, ಐ, ಡಿ ಕೂಡಿಸಿ ನಾನೂ ಕಿಡ್ ಮಾಡಿದೆ. ಆಮೇಲೆ ಆಸೆಯಿಂದ “ಡ್ಯಾಡ್” ಅಂದೆ.

“ಆಗಂಗಿಲ್ಲ. ಡಿ ಒಂದ ಐತಿ,” ಅಂದಳು ಅಕ್ಕ. ನನಗೆ ಬಹಳ ಕೆಡುಕೆನಿಸಿತು. ಇನ್ನೊಂದು ಡಿ ಎಲ್ಲಾದರೂ ಇದ್ದೀತೇ ಎಂದು ಕತ್ತೆತ್ತಿ ಹುಡುಕುತ್ತಿರುವಾಗಲೇ ಗಾಡಿ ಬಂತು.

ಅವ್ವ ಅಪ್ಪನ ಕೈಹಿಡಿದು ಇಳಿಸಿದಳು. ಅವನ ಕಣ್ಣಿಗೆ ಕರಿ ಗಾಜಿನ ಚಾಳೀಸು. ಕೈಹಿಡಿದದ್ದನ್ನು ನೋಡಿ, ಅಪ್ಪನಿಗೆ ಕಾಣಿಸುವುದಿಲ್ಲ ಅಂದುಕೊಂಡು ನಾನು ಅಕ್ಕನಿಗೆ ಅಂಟಿ ನಿಂತೆ.

“ಕಿಡಕ್ಯಾಗಿಂದ ನೋಡಾಕತ್ತಿದ್ದೆ,” ಅಂದ ಅಪ್ಪ. “ಇಬ್ಬರೂ ಮಾರಿ ಮ್ಯಾಲ ಮಾಡಿ ನಿಂತಿದ್ರಿ. ಏನೈತಿ ಅಲ್ಲಿ?”

ನೋಡಾಕತ್ತಿದ್ದೆ! ಅಕ್ಕ ನಗುತ್ತಾ ಅಳತೊಡಗಿದಳು. ನಾನು ಅಪ್ಪನ ಧೋತರಕ್ಕೆ ಮುಖ ಒತ್ತಿ ನಿಂತುಬಿಟ್ಟೆ. ಸಮಾಧಾನವಾದ ಮೇಲೆ ನಮ್ಮ ಆಟವನ್ನು ಹೇಳಿದೆವು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಚಾಳೀಸು ಸರಿಮಾಡಿಕೊಂಡು ಹಲಗೆಯತ್ತ ಬೆರಳು ತೋರಿಸಿದ.

“ಆ ಕಡೇದು, ಕೋಲಿನಂಥಾದ್ದು, ಏನದು?”

“ಐ.”

“ಹಂಗಂದ್ರ?”

“ನಾನು ಅಂತ, ಅಪ್ಪಾ.”

“ಹಂಗಾದ್ರ ಅದೂ ಒಂದ ಶಬ್ದ ಆತಲ್ಲ!”

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಒಂದೇ ಅಕ್ಷರದ ಶಬ್ದ ನಮಗೆ ಹೊಳೆದೇ ಇರಲಿಲ್ಲ. ಚಕ್ಕಡಿಯಲ್ಲಿ ಊರು ಮುಟ್ಟುವವರೆಗೂ ಅಪ್ಪ ಕಂಡಕಂಡದ್ದನ್ನೆಲ್ಲ ತೋರಿಸುತ್ತಾ ಬಂದ.

ಈಗ ನನ್ನ ಮೊಮ್ಮಕ್ಕಳು ಮೊಬೈಲಿನಲ್ಲಿ ಆ ಏಳು ಅಕ್ಷರ ಒತ್ತಿದರೆ ಸಾಕು, ಅದರೊಳಗಿನ ಶಬ್ದಗಳು ರಾಶಿಯಾಗಿ ಬಂದು ಬೀಳುತ್ತವೆ. ನನಗೂ ಅದು ಸೋಜಿಗವೇ. ನಮಗೆ ಶಬ್ದ ಸಿಗುವುದೇ ಕಷ್ಟವಿತ್ತು. ಇವರಿಗೆ ಸಿಕ್ಕ ಶಬ್ದದ ಹತ್ತಿರ ನಿಲ್ಲಲು ಪುರುಸೊತ್ತಿಲ್ಲ. ಆದರೆ ನಿನ್ನೆ ಮೊಮ್ಮಗಳು ಒಂದರ ಬಳಿ ನಿಂತಳು. ಸಿ, ಯು, ಡಿ.

“ಅಜ್ಜಾ, ಕಡ್ ಅಂದ್ರೇನು?”

ನನಗೂ ಗೊತ್ತಿರಲಿಲ್ಲ. ಇಬ್ಬರೂ ಕೂಡಿ ಅರ್ಥ ನೋಡಿದೆವು. ದನ ಮೆಲುಕು ಹಾಕುವಾಗ ಹೊಟ್ಟೆಯಿಂದ ಮತ್ತೆ ಬಾಯಿಗೆ ತಂದುಕೊಳ್ಳುವ ಮೇವಿಗೆ ಹಾಗನ್ನುತ್ತಾರಂತೆ. ಅವಳು ಮೊಬೈಲನ್ನು ನನ್ನ ಕೈಗೆ ಕೊಟ್ಟು, ಎಮ್ಮೆಯ ಬಾಯಿ ನೋಡಲು ಹಿತ್ತಿಲಿಗೆ ಓಡಿದಳು.