ಮಂಚದ ಕಂಬಿಯಲ್ಲಿ ಉಳಿದ ಜ್ವರ

ಗೋಕಾಕದ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ದೆವ್ವ, ಗಾಳಿ, ಮೈಮೇಲೆ ಬರುವುದು ಎಂದು ಯಾರಾದರೂ ಶುರು ಮಾಡಿದರೆ, ಮೊದಲು ಕಣ್ಣು ತೋರಿಸಿಕೊಂಡು ಬನ್ನಿ ಎಂದು ನಗುತ್ತಿದ್ದೆ. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕು ಎಂದು ಕೇಳಲಾರೆ. ಬೇರೆಯವರ ಬಾಯಿಂದ ಕೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೊದಲ ಲಾಕ್‌ಡೌನಿನ ಬೇಸಿಗೆ ಅದು. ತಂಗಿಯ ಬಾಣಂತನಕ್ಕೆಂದು ಕೊಲ್ಹಾಪುರಕ್ಕೆ ಹೋದವಳು ಅಲ್ಲೇ ಸಿಕ್ಕಿಬಿದ್ದಿದ್ದೆ. ಹೇಗೋ ಪಾಸು ಸಿಕ್ಕಿ ಹೊರಟರೆ ಗಡಿ ದಾಟಿದ ಕೂಡಲೇ ತಡೆದು, ಯಮಕನಮರಡಿ ಹತ್ತಿರದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಕರೆದೊಯ್ದರು. ಹುಡುಗಿಯರನ್ನು ಮನೆಗೆ ಕಳಿಸಿ, ಮಹಾರಾಷ್ಟ್ರದಿಂದ ಬಂದವರನ್ನೆಲ್ಲ ಅಲ್ಲಿ ಕ್ವಾರಂಟೈನ್ ಮಾಡುತ್ತಿದ್ದರು. ನನಗೆ ಸಿಕ್ಕಿದ್ದು ಮೂಲೆಯ ಕೋಣೆ. ಎರಡು ಕಬ್ಬಿಣದ ಮಂಚ, ಉತ್ತರಕ್ಕೊಂದು ಸಣ್ಣ ಕಿಟಕಿ, ಕಣ್ಣು ಉರಿಸುವ ಬ್ಲೀಚಿಂಗ್ ಪುಡಿಯ ವಾಸನೆ.

ಅಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದವಳು ಶಾರದಾ ಎಂಬ ಆರೋಗ್ಯ ಕಾರ್ಯಕರ್ತೆ. ಬಾಗಿಲ ಹೊರಗೆ ನಿಂತೇ ಅವಳು ಹೇಳಿದಳು: "ಹೆದರಬ್ಯಾಡ್ರಿ ಮೇಡಂ. ಮೊದಲ ಇಲ್ಲಿದ್ದಾಕಿ ಹೋಗಿ ಭಾಳ ದಿನ ಆತು. ಔಷಧ ಹೊಡದು ಕೀಲಿ ಹಾಕಿ ಇಟ್ಟಿದ್ವಿ. ಏನಿದ್ರೂ ಸತ್ತ ಹೋಗಿರ್ತೈತ್ರಿ."

ನಾನು ಹೆದರಿರಲಿಲ್ಲ. ರಟ್ಟಿನ ಮೇಲೆ ವೈರಸ್ ಬೇಗ ಸಾಯುತ್ತದೆ, ಉಕ್ಕು ಮತ್ತು ಪ್ಲಾಸ್ಟಿಕ್ಕಿನ ಮೇಲೆ ಒಂದೆರಡು ದಿನ ಹೆಚ್ಚು ಬಾಳುತ್ತದೆ ಎಂದು ಆಗ ಎಲ್ಲ ಕಡೆ ಓದುತ್ತಿದ್ದೆವು. ಬೀಗ ಹಾಕಿಟ್ಟ ಕೋಣೆಯಲ್ಲಿ ಇಷ್ಟು ದಿನ ಏನೂ ಉಳಿಯದು ಎಂದು ಲೆಕ್ಕ ಹಾಕಿ, ಕಿಟಕಿಯ ಬದಿಯ ಮಂಚದ ಮೇಲೆ ಹಾಸಿಗೆ ಬಿಚ್ಚಿದೆ.

ಮರುದಿನ ಮಧ್ಯಾಹ್ನ ಮಲಗಿ ಮಗ್ಗುಲಾಗುವಾಗ ತಲೆದೆಸೆಯ ಕಂಬಿಗೆ ಕೈ ತಗಲಿತು. ಬಿಸಿಯಾಗಿತ್ತು. ಕಂಬಿಯೆಲ್ಲ ಅಲ್ಲ, ಒಂದು ಮುಷ್ಟಿ ಹಿಡಿಯುವಷ್ಟು ಜಾಗ ಮಾತ್ರ. ಅದರ ಆಚೆ ಈಚೆ ಕಬ್ಬಿಣ ತಣ್ಣಗಿತ್ತು. ಬಿಸಿಲು ಎಂದುಕೊಂಡೆ, ಆದರೆ ಆ ಕಿಟಕಿಗೆ ಬಿಸಿಲೇ ಬರುತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದೆ. ಆರಿತು, ಮತ್ತೆ ಬಿಸಿಯಾಯಿತು. ಮಂಚವನ್ನೇ ಎಳೆದು ಎದುರು ಗೋಡೆಗೆ ಹಚ್ಚಿದೆ. ಅಲ್ಲಿಯೂ ಹಾಗೇ. ಬಿಸಿಲಿಗೆ ಕಾದ ಕಬ್ಬಿಣದ ಬಿಸಿ ಬೇರೆ. ಇದು ಜ್ವರ ಬಂದವರ ಮೈ ಮುಟ್ಟಿದ ಹಾಗಿತ್ತು.

ಚಹಾ ತಂದ ಶಾರದಾಳನ್ನು ಒಳಗೆ ಕರೆದೆ. ಅವಳು ಬರಲೊಲ್ಲಳು. ಒತ್ತಾಯ ಮಾಡಿದ ಮೇಲೆ ಬಂದು, ಗ್ಲೌಸ್ ಹಾಕಿದ ಕೈಯಿಂದಲೇ ಕಂಬಿ ಮುಟ್ಟಿದಳು. ಮುಟ್ಟಿದವಳೇ ಕೈ ಎಳೆದುಕೊಂಡು ಗೋಡೆಗೆ ಆನಿಕೊಂಡಳು.

"ಆಕಿ ಅಲ್ಲೇ ಹಿಡಕೊಂಡಿದ್ಲರಿ" ಎಂದಳು.

ಯಾರು ಎಂದು ಕೇಳಿದೆ. ಮಮದಾಪುರದ ಕಲ್ಲವ್ವ. ಇಚಲಕರಂಜಿಯ ಮಗ್ಗದಲ್ಲಿ ದುಡಿಯುತ್ತಿದ್ದವಳು, ಕೆಲಸ ನಿಂತು ಊರಿಗೆ ಹೊರಟಾಗ ನನ್ನ ಹಾಗೆಯೇ ಇಲ್ಲಿ ಬಂದು ಬಿದ್ದಿದ್ದಳು.

"ಜ್ವರ ಏರಿತ್ರಿ. ಯಾರರೆ ಕೈ ಹಿಡೀರೆವ್ವಾ, ಯಾರರೆ ಹಿಡೀರಿ ಅಂತ ಒಂದ ಸವನ ಒದರ್ತಿದ್ಲು. ನಾವೆಲ್ಲಾ ಕಿಟಕ್ಯಾಗಿಂದ ನೋಡಕೋತ ನಿಂತಿದ್ವಿ. ನೀರಿನ ಬಾಟ್ಲಿ ಕಸಬರಗಿಲೆ ದೂಡಿದ್ವಿ, ಆಕಿಗೆ ನಿಲುಕಲಿಲ್ಲ. ಕಡೀಕೆ ಆ ಕಂಬೀನ ಹಿಡಕೊಂಡ್ಲು. ಗಾಡಿ ಬರೂದ್ರಾಗ ತಣ್ಣಗಾಗಿದ್ಲರಿ. ಬೆರಳ ಬಿಡಸಾಕ ಇಬ್ಬರು ಬೇಕಾತು."

ಶಾರದಾ ಹೊರಟುಹೋದ ಮೇಲೆ ಮಂಚದ ಬದಿ ನೆಲದ ಮೇಲೆ ಕೂತು ಕಂಬಿಯನ್ನು ಹಿಡಿದೆ. ಯಾಕೆ ಹಿಡಿದೆ ಎಂದರೆ ಹೇಳಲಾರೆ. ಸಂಕಟವಾಗಿತ್ತು, ಅಷ್ಟೇ. ಬಿಸಿ ಇನ್ನೂ ಏರಿತು, ಅಂಗೈ ಬೆವರಿತು. ಆಮೇಲೆ ನಿಧಾನವಾಗಿ ಇಳಿಯತೊಡಗಿತು. ಕಿರುಬೆರಳಿನ ಕಡೆಯಿಂದ ತಣ್ಣಗಾಗುತ್ತ ಬಂದು, ಸಂಜೆಯ ಹೊತ್ತಿಗೆ ಆ ಜಾಗ ಉಳಿದ ಕಬ್ಬಿಣಕ್ಕಿಂತ ತಣ್ಣಗಿತ್ತು. ನಾನು ಅತ್ತೆ. ಆದರೂ ಒಳಗೊಳಗೆ ಸಮಾಧಾನವಾಯಿತು. ಕೊನೆಗೂ ಒಬ್ಬರು ಹಿಡಿದರಲ್ಲ, ಇನ್ನು ಮುಗಿಯಿತು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಕಂಬಿ ಮತ್ತೆ ಬಿಸಿಯಾಗಿತ್ತು.

ಅದರ ಮರುದಿನವೂ. ದಿನವೂ ಏರುತ್ತಿತ್ತು, ದಿನವೂ ನನ್ನ ಕೈಯಲ್ಲೇ ತಣ್ಣಗಾಗುತ್ತಿತ್ತು. ಒಂದು ದಿನ ತಡೆಯಲಾಗದೆ ಇನ್ನೊಂದು ಮಂಚದ ಮೇಲೆ ಕಿವಿ ಮುಚ್ಚಿಕೊಂಡು ಕೂತೆ. ಯಾವ ಸದ್ದೂ ಇರಲಿಲ್ಲ, ಆದರೂ ಮುಚ್ಚಿಕೊಂಡಿದ್ದೆ. ಸಂಜೆ ಹೋಗಿ ಮುಟ್ಟಿದರೆ ಹಾಗೆಯೇ ತಣ್ಣಗಾಗಿತ್ತು. ನಾನು ಹಿಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅವಳಿಗೆ ನಾನು ಹಿಡಿದದ್ದು ಗೊತ್ತೇ ಆಗುತ್ತಿರಲಿಲ್ಲವೇನೋ.

ತಪಾಸಣೆಗೆ ಬಂದ ಡಾಕ್ಟರರಿಗೆ ಕೋಣೆ ಬದಲಿಸಿ ಎಂದು ಕೇಳಿ, ಕಾರಣವನ್ನೂ ಹೇಳಿದೆ. ಅವರು ದೂರದಿಂದಲೇ ನಕ್ಕರು. "ಸೈನ್ಸ್ ಕಲಸಾವ್ರು ನೀವು ಹೌದಲ್ರಿ?" ಎಂದರು. ಕಂಬಿ ಮುಟ್ಟಿ ನೋಡಲು ಮಾತ್ರ ಒಳಗೆ ಬರಲಿಲ್ಲ.

ನನಗೇ ಜ್ವರ ಬಂದಿರಬಹುದೇ ಎಂದು ನೀವು ಕೇಳಬಹುದು. ಇರಲಿಲ್ಲ, ದಿನವೂ ನೋಡುತ್ತಿದ್ದರು. ಪರೀಕ್ಷೆಯಲ್ಲೂ ಏನೂ ಬರಲಿಲ್ಲ. ನನ್ನನ್ನು ಬಿಟ್ಟ ದಿನ, ನಾನು ಮೆಟ್ಟಿಲು ಇಳಿಯುವಾಗ, ಒಬ್ಬ ಮುದುಕಿಯನ್ನು ಅದೇ ಕೋಣೆಗೆ ಕರೆದೊಯ್ಯುತ್ತಿದ್ದರು. ಆ ಮಂಚ ಬೇಡ ಎಂದು ಕೂಗಿದೆ. ಶಾರದಾ ತಲೆ ತಗ್ಗಿಸಿ, "ಬ್ಯಾರೆ ಜಾಗಾ ಇಲ್ರಿ ಮೇಡಂ" ಎಂದಳು.

ಎಲ್ಲ ತಿಳಿಯಾದ ಮೇಲೆ ಮಮದಾಪುರಕ್ಕೆ ಹೋದೆ. ಕಲ್ಲವ್ವನ ಗಂಡ ನನ್ನ ಮುಖ ನೋಡದೆ ಹೊಲಕ್ಕೆ ಹೊರಟುಹೋದ. ನಾದಿನಿ ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟಳು. ಹೆಣ ಊರಿಗೆ ತರಲಿಲ್ಲವಂತೆ, ಊರವರು ಬಿಡಲಿಲ್ಲವಂತೆ. "ಸುದ್ದಿ ಬಂದಾಗ ಮನ್ಯಾಗ ಯಾರೂ ಅಳಲಿಲ್ರಿ" ಎಂದಳು. "ಅತ್ರ ಕಣ್ಣೀರ ಒರಸಾಕ ಮಾರಿ ಮುಟ್ಕೋಬೇಕಾಕೈತಿ. ಆಗ ಮಾರಿ ಮುಟ್ಕೋಬಾರ್ದು ಅಂತಿದ್ರಲ್ಲ." ನಾನು ಹೇಳಲು ಬಂದದ್ದನ್ನು ಹೇಳದೆ ಎದ್ದುಬಂದೆ.

ಕಳೆದ ವರ್ಷ ಆ ದಾರಿಯಲ್ಲಿ ಹೋಗುವಾಗ ಹಾಸ್ಟೆಲಿನೊಳಗೆ ಹೋಗಿ ಮಂಚಗಳ ಬಗ್ಗೆ ಕೇಳಿದೆ. ವಾರ್ಡನ್ ಹೊಸಬರು. "ಹಳೇವಾ? ಎಲ್ಲಾ ಒಂದ ನಮೂನಿ ಇದ್ವಲ್ರಿ, ಬಣ್ಣ ಹೊಡದು ಗೋಕಾಕ, ಮೂಡಲಗಿ, ಹುಕ್ಕೇರಿ ಹಾಸ್ಟೆಲಿಗೆಲ್ಲಾ ಹಂಚಿಬಿಟ್ರು" ಎಂದರು. ನಾನು ಮೂಲೆಯ ಕೋಣೆಯ ಕಡೆ ನೋಡಿದ್ದು ಕಂಡು, "ಯಾಕ್ರಿ, ಏನರೆ ಬಿಟ್ಟಹೋಗಿದ್ರೇನು?" ಎಂದು ಕೇಳಿದರು.

ಈ ಮೂರು ತಾಲೂಕಿನಲ್ಲಿ ಎಲ್ಲೋ ಒಂದು ಕಡೆ, ಶಾಲೆಗೆ ಹೋಗದೆ ಹಾಸ್ಟೆಲಿನಲ್ಲೇ ಮಲಗಿದ ಯಾವುದೋ ಹುಡುಗಿ ಮಧ್ಯಾಹ್ನ ಮಗ್ಗುಲಾಗುತ್ತಿರಬಹುದು.