ಬಡಿದು ನೋಡಿದ ಎದೆ

ರಾವೂರಿನ ಕಲ್ಲಿನ ಖಣಿಯಲ್ಲಿ ಮಜೀದಸಾಬನಷ್ಟು ಮಾತುಗಾರ ಇನ್ನೊಬ್ಬನಿರಲಿಲ್ಲ. ರಾಜ್ಯಕ್ಕೆ ಇನ್ನೂ ಮೈಸೂರೆಂದೇ ಹೆಸರಿದ್ದ ಕಾಲ. ನೆಲದಿಂದ ಎಬ್ಬಿಸಿದ ಪರಸಿಕಲ್ಲಿನ ಚಪ್ಪಡಿಯನ್ನು ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ಬಡಿದು, ಅದು ಗಟ್ಟಿಯೋ ಒಳಗೆ ಬಿರುಕು ಬಿಟ್ಟಿದೆಯೋ ಎಂದು ಕಿವಿಯಿಂದಲೇ ತಿಳಿಯುವುದು ಅವನ ಕೆಲಸ. ಠಣ್ ಎಂದರೆ ಗಾಡಿಗೆ, ಬದ್ ಎಂದರೆ ಬದಿಗೆ. ಒಳ್ಳೆಯ ಕಲ್ಲು ಸಿಕ್ಕರೆ ಅದರ ಜೊತೆಗೇ ಹರಟುತ್ತಿದ್ದ ಪುಣ್ಯಾತ್ಮ, ಬಿರುಕಿನ ಕಲ್ಲಿನ ಮುಂದೆ ಮಾತ್ರ ಬಾಯಿ ಮುಚ್ಚುತ್ತಿದ್ದ. ಅದಕ್ಕೇನು ಹೇಳುವುದಿರುತ್ತದೆ? ಸುಮ್ಮನೆ ಅತ್ತ ಕೈ ಮಾಡಿದರೆ ಹೆಣ್ಣಾಳುಗಳು ಎಳೆದುಕೊಂಡು ಹೋಗಿ ರಾಶಿಗೆ ಹಾಕುತ್ತಿದ್ದರು. ಆ ಹೆಣ್ಣಾಳುಗಳಲ್ಲಿ ಅವನ ಹೆಂಡತಿ ಅಮೀರ್‌ಬೀಯೂ ಒಬ್ಬಳು. ಮದುವೆಯಾಗಿ ಬಂದಾಗಿನಿಂದ ಅವನ ಕೈಸನ್ನೆ ನೋಡಿಯೇ ಕಲ್ಲು ಸಾಗಿಸಿದವಳು.

ಅಂಥವನಿಗೆ ಒಂದು ಮಳೆಗಾಲದ ಕೊನೆಗೆ ಸಂಜೆಯಾದರೆ ಜ್ವರ ಬರತೊಡಗಿತು. ಬಲ ಪಕ್ಕೆಯಲ್ಲಿ ನೋವು, ನಾಲ್ಕು ಹೆಜ್ಜೆ ಹಾಕಿದರೆ ದಮ್ಮು. ಬರುವುದಿಲ್ಲವೆಂದು ಹಟ ಹಿಡಿದವನನ್ನು ಅಮೀರ್‌ಬೀ ಬೈದು, ಅತ್ತು, ಕಡೆಗೆ ಕೈ ಹಿಡಿದೆಳೆದು ಪಟ್ಟಣದ ದವಾಖಾನೆಗೆ ಕರೆದುಕೊಂಡು ಹೋದಳು.

ಡಾಕ್ಟರು ಹಳೇ ಮೈಸೂರು ಕಡೆಯವರು. ತಲೆ ಎತ್ತಲಿಲ್ಲ. "ಅಂಗಿ ಬಿಚ್ಚು," ಎಂದರು. ಮಜೀದಸಾಬನ ಬೆನ್ನಿನ ಮೇಲೆ ಎಡಗೈ ಬೆರಳಿಟ್ಟು, ಅದರ ಮೇಲೆ ಬಲಗೈ ಬೆರಳಿಂದ ಬಡಿದರು. ಅರೆ! ಗಂಡ ಹೆಂಡತಿ ಇಬ್ಬರ ಕಿವಿಗಳೂ ನಿಮಿರಿದವು. ಎಡಕ್ಕೆ ಠಣ್. ಬಲಕ್ಕೆ ಮೇಲೆ ಠಣ್, ಕೆಳಗೆ ಬದ್. ಇನ್ನೊಮ್ಮೆ ಬಡಿದರು. ಬದ್. ಡಾಕ್ಟರು ಇಂಗ್ಲಿಷಿನಲ್ಲಿ ಕಂಪೌಂಡರನಿಗೆ ಏನೋ ಅಂದು, ಮಜೀದಸಾಬನತ್ತ ನೋಡದೆ ಕೈಯಿಂದ ಬದಿಗೆ ತೋರಿಸಿದರು.

"ಸಾಹೇಬ್ರ, ಏನಾಗ್ಯಾದ್ರಿ ಇವರಿಗಿ?" ಅಮೀರ್‌ಬೀ ಕೇಳಿದಳು.

"ಕಂಪೌಂಡರ್ ಹತ್ತಿರ ಹೋಗಮ್ಮ, ತಲೆ ತಿನ್ನಬೇಡ. ಮುಂದಿನವರು ಬನ್ನಿ."

ಕಂಪೌಂಡರ್ ದೇವೀಂದ್ರಪ್ಪ ಗುಳಿಗೆಯ ಪೊಟ್ಟಣ ಕೈಗೆ ತುರುಕಿ, "ಮುಂಜಾನಿ ಒಂದು, ಸಂಜಿಗೊಂದು. ಮತ್ತ ಬರ್ರಿ," ಎಂದವನೇ ಬೇರೆಯವರ ಕಡೆ ತಿರುಗಿದ.

ಮನೆಗೆ ಬಂದ ಮಜೀದಸಾಬ ಗುಳಿಗೆಗಳನ್ನು ಗೋಡೆಯ ಗೂಡಿನಲ್ಲಿಟ್ಟ. ಮುಟ್ಟಲೇ ಇಲ್ಲ.

"ನೀ ಕೇಳಿದಿಲ್ಲೇನು? ಬದ್ ಅಂತು. ಕೈ ಮಾಡಿ ಬದಿಗೆ ತೋರಿಸ್ದ. ಮುಗೀತು ನಂದು."

"ಹಂಗಿದ್ರ ಗುಳಿಗಿ ಯಾಕ ಕೊಡ್ತಿದ್ರು?"

"ಬರಿಗೈಲೆ ಕಳಿಸಬಾರ್ದಂತ ಕೊಟ್ಟಾನ. ನಾ ಬದುಕೋ ಮಾತಿದ್ರ ನನ್ನ ಮಾರಿ ನೋಡಿ ಹೇಳ್ತಿದ್ದಿಲ್ಲೇನು?"

ಆ ಸದ್ದನ್ನು ಅಮೀರ್‌ಬೀಯೂ ಕೇಳಿದ್ದಳಲ್ಲ! ಸುತ್ತಿಗೆಯನ್ನು ಅವನು ಖಣಿಯ ಗೆಳೆಯ ಖಾಜಾನಿಗೆ ಕೊಟ್ಟುಬಿಟ್ಟ. ದಮ್ಮು ಏರುತ್ತಲೇ ಹೋಯಿತು. ಕೂತರೆ ಕೂರಲಾಗದು, ಮಲಗಿದರೆ ಮಲಗಲಾಗದು. ಕೊನೆಗೆ ಅವಳೇ ಗಾಡಿ ಕಟ್ಟಿಸಿ, ಅವನ ಮಾತಿಗೆ ಸೊಪ್ಪು ಹಾಕದೆ, ಮತ್ತೆ ಅದೇ ದವಾಖಾನೆಗೆ ಕರೆತಂದಳು.

ಡಾಕ್ಟರು ಈ ಸಲವೂ ಬಡಿದರು. ಉದ್ದನೆಯ ಸೂಜಿ ತಂದು ಬೆನ್ನಿಗೆ ಚುಚ್ಚಿದರು. ಹಳದಿ ನೀರು ಬಂತೇ ಬಂತು, ಬೋಗುಣಿ ತುಂಬಿತು. ಯಾಕೆ ಚುಚ್ಚಿದರು, ಆ ನೀರೇನು, ಎಲ್ಲಿಂದ ಬಂತು, ಯಾರೂ ತುಟಿ ಬಿಚ್ಚಲಿಲ್ಲ. ಎತ್ತಿಗೆ ಲಾಳ ಹೊಡೆಯುವವನಾದರೂ ಮೈ ಸವರಿ ನಾಲ್ಕು ಮಾತಾಡುತ್ತಾನೆ. ದೇವೀಂದ್ರಪ್ಪ ಇನ್ನೊಂದು ಪೊಟ್ಟಣ ತುರುಕಿದ, ಅಷ್ಟೇ.

ಆದರೆ ಹೊರಗೆ ಬೇವಿನ ಮರದ ಕೆಳಗೆ ಕೂತಾಗ ಮಜೀದಸಾಬನಿಗೆ ಸರಾಗ ಉಸಿರು ಬಂತು. ಅವನು ಮೆಲ್ಲಗೆ ಬೆರಳಿಂದ ತನ್ನ ಬಲ ಪಕ್ಕೆ ಬಡಿದುಕೊಂಡ.

"ಏ, ಕಿವಿ ಇಡು ಇಲ್ಲಿ! ಠಣ್ ಅನ್ನಾಕತ್ತಾದ!"

ಅಮೀರ್‌ಬೀ ನಾಚಿಕೆ ಬಿಟ್ಟು, ಬಂದುಹೋಗುವವರ ಮುಂದೆಯೇ ಅವನ ಪಕ್ಕೆಗೆ ಕಿವಿ ಇಟ್ಟಳು. ಹೌದಲ್ಲ! ನಕ್ಕಳು, ಅತ್ತಳು, ಸೆರಗಿನಿಂದ ಮೂಗು ಒರೆಸಿಕೊಂಡಳು. ಸುತ್ತಿಗೆ ಖಾಜಾನಿಂದ ವಾಪಸು ಬಂತು. ಹರಟೆಯೂ ವಾಪಸು ಬಂತು. ಕೆಲವು ವಾರ ಗುಳಿಗೆ ನುಂಗಿದ ಮಜೀದಸಾಬ ಆಮೇಲೆ ಬಿಟ್ಟುಬಿಟ್ಟ. "ಠಣ್ ಅನ್ನೋ ಕಲ್ಲಿಗಿ ಯಾರರ ಸಿಮಿಟ್ ಬಳೀತಾರೇನು?" ಎಂದ. ಅಮೀರ್‌ಬೀಗೂ ಅದು ಸರಿಯೆನಿಸಿತು. ಬೇಡವೆನ್ನಲು ಅವಳ ಬಳಿ ಏನಿತ್ತು? ಸದ್ದು ಗಟ್ಟಿಯಾಗಿತ್ತು.

ಮುಂದಿನ ಮೊಹರಂ ಮುಗಿದ ಮೇಲೆ ಕೆಮ್ಮಿನ ಜೊತೆ ರಕ್ತ ಬಿತ್ತು.

ಮತ್ತೆ ದವಾಖಾನೆಗೆ ಹೋದಾಗ ಡಾಕ್ಟರು ಹರಿಹಾಯ್ದರು. "ಗುಳಿಗೆ ಬಿಡು ಅಂದವರು ಯಾರು? ಈ ರೋಗಕ್ಕೆ ವರ್ಷಾನುಗಟ್ಟಲೆ ತಿನ್ನಬೇಕು!"

"ನಮಗ ಯಾರೂ ಹೇಳಿಲ್ಲರಿ ಸಾಹೇಬ್ರ," ಎಂದಳು ಅಮೀರ್‌ಬೀ.

"ನೀವು ಕೇಳಬೇಕಿತ್ತು!"

ಅಮೀರ್‌ಬೀ ಕಣ್ಣೊರೆಸಿಕೊಂಡಳು. ತಾನು ಕೇಳಿರಲಿಲ್ಲವೇ? ಕೇಳಿದ್ದಕ್ಕಲ್ಲವೇ ತಲೆ ತಿನ್ನಬೇಡ ಅಂದದ್ದು? ಇಲ್ಲಾ, ಆ ದಿನ ಕೇಳಿದ್ದೆನೆಂದು ಈಗ ತನಗೇ ಅನಿಸುತ್ತಿದೆಯೋ? ಡಾಕ್ಟರು ಬೆನ್ನು ಬಡಿದು, ಗೋಡೆಗೆ ಹೇಳಿದ ಹಾಗೆ, "ಬಿಡದೆ ತಿಂದರೆ ಬದುಕುತ್ತಾನೆ," ಎಂದರು. ಬದಿಗೆ ಕೈ ಮಾಡಿದರು.

ದಾರಿಯುದ್ದಕ್ಕೂ ಅವಳ ತಲೆ ಗಿರ್ರೆಂದಿತು. ಮೊದಲು ಡಾಕ್ಟರು ಸುಮ್ಮನಿದ್ದಾಗ ಗಂಡ ಹೆಂಡತಿ ಸಾವೆಂದುಕೊಂಡರು, ಅದು ಸುಳ್ಳಾಯಿತು. ಆಮೇಲೆ ಸುಮ್ಮನಿದ್ದಾಗ ವಾಸಿಯಾಯಿತೆಂದುಕೊಂಡರು, ಅದೂ ಸುಳ್ಳಾಯಿತು. ಈಗ ಬಾಯಿ ಬಿಟ್ಟಿದ್ದಾರೆ. ಇದು ಖರೆಯೋ, ತನ್ನ ಕಣ್ಣೀರು ನೋಡಿ ಆಡಿದ ಮಾತೋ?

ಮನೆಯಲ್ಲಿ ಮಜೀದಸಾಬ ಹೊರಸಿನ ಮೇಲೆ ಮಗ್ಗುಲಾಗಿ ಮಲಗಿ ಅಂಗಿ ಮೇಲೆತ್ತಿದ. "ಆ ಡಾಕ್ಟರನ ಮಾತ ನನಗ ಬ್ಯಾಡ. ನೀ ಬಡದು ನೋಡು. ನೀ ಹೇಳಿದ್ದೇ ಖರೆ."

ಅವಳು ಕೂತು, ಬೆರಳಿಟ್ಟು, ಬಡಿದಳು. ಮೇಲೆ ಠಣ್. ಕೆಳಗೆ ಬದ್. ಇನ್ನೊಮ್ಮೆ ಬಡಿದರೂ ಅದೇ.

ಈಗ ಏನನ್ನಲಿ? ಬದ್ ಎಂದರೆ ಮುಗಿಯಿತೆಂದು ಗುಳಿಗೆ ಬಿಡುತ್ತಾನೆ. ಠಣ್ ಎಂದರೆ ವಾಸಿಯಾಯಿತೆಂದು ಗುಳಿಗೆ ಬಿಡುತ್ತಾನೆ. ಯಾ ಅಲ್ಲಾ! ಯಾವ ಮಾತು ಆಡಿದರೂ ಇವನು ಕೈತಪ್ಪಿ ಹೋಗುತ್ತಾನೆ. ಅವಳು ಏನೂ ಅನ್ನದೆ ಎದ್ದು, ನೀರು ತುಂಬಿ ತಂದು, ಅವನ ಮುಖ ನೋಡದೆ ಗುಳಿಗೆ ಮುಂದೆ ಹಿಡಿದಳು.

ಮಜೀದಸಾಬ ಅವಳನ್ನೇ ನೋಡಿದ. "ಹೌದಾ? ನೀನೂ ಹೇಳವಲ್ಲಿ? ನೀನೂ ಅವನಂಗೇ ಆದಿ?"

ಅಮೀರ್‌ಬೀ ನೀರು, ಗುಳಿಗೆ ಕೆಳಗಿಟ್ಟಳು. ಹೊರಸಿನ ಪಕ್ಕ ಕೂತು, ಅವನ ಮುಖ ಎರಡೂ ಕೈಯಲ್ಲಿ ಹಿಡಿದಳು.

"ಮ್ಯಾಲ ಠಣ್ ಅಂತಾದ, ಕೆಳಗ ಬದ್ ಅಂತಾದ. ಅದಕ್ಕ ಏನು ಅರ್ಥನೋ ನನಗ ತಿಳೀವಲ್ದು ರೀ. ಕಲ್ಲಿನ ಲೆಕ್ಕ ಮೈಗಿ ಬರ್ತಾದೋ ಇಲ್ಲೋ, ಅದೂ ತಿಳೀವಲ್ದು. ಆ ಡಾಕ್ಟರನ ಮ್ಯಾಲ ನನಗೂ ಭರೋಸಾ ಇಲ್ಲ. ಖರೇನ ಹೇಳ್ತೀನಿ, ಏನೂ ತಿಳೀವಲ್ದು. ಆದ್ರ ನೀವಿಲ್ಲದ ನನಗ ಇರಾಕ ಆಗಂಗಿಲ್ಲ. ನುಂಗ್ರಿ."

ಅವನು ಅಂಗಿ ಕೆಳಗಿಳಿಸಿಕೊಂಡು ಬಾಯಿ ತೆರೆದ.

"ನಾಳಿಗಿ ಮತ್ತ ಬಡದು ನೋಡ್ತಿಯಿಲ್ಲ?"

"ನೋಡ್ತೀನಿ. ಹೆಂಗ ಅಂತಾದೋ ಹಂಗ ಹೇಳ್ತೀನಿ," ಎಂದು ಗುಳಿಗೆಯನ್ನು ಅವನ ನಾಲಿಗೆಯ ಮೇಲಿಟ್ಟಳು.