ಹುಳಿ ಬಿದ್ದ ಬೇಳೆ

ನಾನು ಚಿಕ್ಕವಳಿದ್ದಾಗ ನಮ್ಮಪ್ಪನಿಗೆ ಒಂದು ಹುಚ್ಚು ಹಿಡಿದಿತ್ತು. ಅಪ್ಪ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕಿರಾಣಿ ಅಂಗಡಿಯೊಂದರ ತಕ್ಕಡಿ ಹಿಡಿದು, ದಿನವಿಡೀ ಊರವರಿಗೆಲ್ಲ ಜೋಳ, ಬೇಳೆ, ಮೆಣಸಿನಕಾಯಿ ತೂಗಿ ಕೊಡುತ್ತಿದ್ದ. ಊಟಕ್ಕೆ ಕೂತಾಗ ಮಾತ್ರ ಬೇರೆಯೇ ಮಾತು. "ನಮ್ಮ ಜ್ವಾಳ ನಾವ ಬೆಳಕೊಂಡು ತಿನ್ನಬೇಕು. ಉಪ್ಪು, ಚಿಮಣಿ ಎಣ್ಣಿ ಬಿಟ್ಟರ ಅಂಗಡಿಯಿಂದ ಏನೂ ತರಬಾರದು" ಎನ್ನುತ್ತಿದ್ದ. ಸ್ವಂತ ಹೊಲ, ಒಂದು ಎಮ್ಮೆ, ಹಿತ್ತಲ ತುಂಬ ಬದನೆ, ಅವರೆ, ಹೀರೆಬಳ್ಳಿ. ಅಪ್ಪ ಹೇಳುತ್ತ ಹೋದರೆ ನಮ್ಮ ರೊಟ್ಟಿ ಆರಿಹೋಗುತ್ತಿತ್ತು.

ಅವ್ವನಿಗೆ ಬೇಕಾಗಿದ್ದುದು ಒಂದೇ, ನೀರು. ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ನಲ್ಲಿ. ಬೆಳಗಾಗುವ ಮುಂಚೆ ಅವ್ವ ಮತ್ತು ಅಕ್ಕ ಅಲ್ಲಿ ಕೊಡಗಳ ಸಾಲು ಹಚ್ಚಬೇಕಿತ್ತು. ಅದಕ್ಕೇ ಅವ್ವ ಅಪ್ಪನಿಗೆ ಹೇಳಿದಳು: "ಮಣ್ಣು ನೀವು ನೋಡ್ರಿ. ನೀರು ನಾನು ನೋಡ್ತೀನಿ. ಎರಡೂ ಚಲೋ ಇದ್ದರ ಮಾತ್ರ ಊರು ಬಿಡೂದು. ಇಲ್ಲಾಂದ್ರ ಈ ಮಾತು ಮತ್ತ ಎತ್ತಬ್ಯಾಡ್ರಿ."

ಸಂಕ್ರಾಂತಿ ಕಳೆದ ಮೇಲೆ ಒಂದು ರಜೆಯ ದಿನ ನಾವು ಮೂವರೂ ಹೊರಟೆವು. ನಲ್ಲಿ ಕಾಯಲು ಅಕ್ಕ ಉಳಿದಳು. ನೋಡಬೇಕಾದ ಜಾಗ ಎರಡು: ಒಂದು ತೆಕ್ಕಲಕೋಟೆಯ ಹತ್ತಿರ ಕಾಲುವೆ ಪಕ್ಕದಲ್ಲಿ, ಇನ್ನೊಂದು ಕುರುಗೋಡಿನ ಗುಡ್ಡದ ಬುಡದಲ್ಲಿ. ಅವ್ವ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಜೊತೆಗೆ ಒಂದು ಪುಟ್ಟ ಪಾತ್ರೆ, ಬೆಂಕಿಪೊಟ್ಟಣ, ಸ್ವಲ್ಪ ತೊಗರಿಬೇಳೆ ಇಟ್ಟುಕೊಂಡಿದ್ದಳು. ನೀರನ್ನು ಪರೀಕ್ಷಿಸಲು ಅವ್ವನಿಗೆ ಗೊತ್ತಿದ್ದ ದಾರಿ ಅದು. ಸಿಹಿ ನೀರಿನಲ್ಲಿ ಬೇಳೆ ಬೆಂದು ಕರಗುತ್ತದೆ, ಸವಳು ನೀರಿನಲ್ಲಿ ಎಷ್ಟು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ.

ಸಿರುಗುಪ್ಪದ ಬಸ್ಸು ನಮ್ಮನ್ನು ತೆಕ್ಕಲಕೋಟೆಯಲ್ಲಿ ಇಳಿಸಿತು. ಕಾಲುವೆಯನ್ನು ನೋಡಿದ ಕೂಡಲೇ ನಾನು ಮರುಳಾದೆ. ದಡ ಮುಟ್ಟಿ ಹರಿಯುವ ಕಂದು ನೀರು, ಗದ್ದೆಯಲ್ಲಿ ಬೆಳ್ಳಕ್ಕಿಗಳು, ನೀರಲ್ಲಿ ಮೂಗು ಮಾತ್ರ ಹೊರಗಿಟ್ಟು ಮಲಗಿದ ಎಮ್ಮೆಗಳು! ನಾನು ಕಾಲು ಇಳಿಬಿಟ್ಟು ಕೂತುಬಿಟ್ಟೆ. ಅಪ್ಪ ಕರಿ ಎರೆ ಮಣ್ಣನ್ನು ಹಿಡಿ ತುಂಬ ತೆಗೆದುಕೊಂಡು, ಮೂಸಿ, ಮಗುವಿನಂತೆ ನಕ್ಕ. ಆದರೆ ಪಕ್ಕದ ಹೊಲದವನು ನಿಜ ಹೇಳಿದ: "ಬ್ಯಾಸಿಗ್ಯಾಗ ಕಾಲವಿ ಬಂದ್ ಆಕೈತ್ರಿ. ಆವಾಗ ಬಾವಿ ನೀರೇ ಗತಿ."

ಅವ್ವ ಆ ಬಾವಿಯ ನೀರು ಸೇದಿ, ಮೂರು ಕಲ್ಲು ಹೂಡಿ, ಹತ್ತಿ ಕಟ್ಟಿಗೆಯಿಂದ ಉರಿ ಹಚ್ಚಿದಳು. ಬೇಳೆ ಕುದಿದೇ ಕುದಿಯಿತು. ಬೆರಳಲ್ಲಿ ಹಿಚುಕಿದರೆ ಕಲ್ಲಿನ ಹಾಗೆ ಜಾರಿತು. "ಇಲ್ಲಿ ಆಗಂಗಿಲ್ಲ" ಎಂದಳು ಅವ್ವ. ಅಪ್ಪ ಹಿಡಿದಿದ್ದ ಮಣ್ಣನ್ನು ಮೆಲ್ಲಗೆ ಕೆಳಗೆ ಬಿಟ್ಟ.

ಬಸ್ಸು ಬದಲಿಸಿ ಕುರುಗೋಡು ಮುಟ್ಟುವಾಗ ಮಧ್ಯಾಹ್ನವಾಗಿತ್ತು. ನನಗೆ ಹೊಟ್ಟೆಯೊಳಗೆಲ್ಲ ಸಿಟ್ಟು. ಕಾಲುವೆ ಎಲ್ಲಿ, ಈ ಬಂಡೆಗಲ್ಲಿನ ಗುಡ್ಡ ಎಲ್ಲಿ! ಹೊಲದ ಒಡತಿ ಒಬ್ಬ ಮುದುಕಿ. ಸಿರುಗುಪ್ಪದಲ್ಲಿದ್ದ ಮಗಳ ಮನೆಗೆ ಹೋಗಲು ಸಜ್ಜಾಗಿದ್ದಳು. "ಬರೇ ಉತ್ತು ಹೋಗೋರಿಗೆ ಈ ಹೊಲ ಕೊಡಂಗಿಲ್ಲ. ಇಲ್ಲೇ ಒಲಿ ಹಚ್ಚಿ ಬಾಳ್ವಿ ಮಾಡೋರಿಗೆ ಕೊಡ್ತೀನಿ" ಎಂದಳು. ಮಣ್ಣು ಕೆಂಪಗಿನ ಮಸಾರಿ. ಎರೆಯಷ್ಟು ಕೊಬ್ಬಿಲ್ಲ, ಆದರೆ ನಾಲ್ಕು ಜನರ ಹೊಟ್ಟೆಗೆ ಸಾಕು ಎಂದ ಅಪ್ಪ. ಬಾವಿಯ ಪಕ್ಕ ದೊಡ್ಡ ಹುಣಸೆಮರ, ಬುಡದಲ್ಲೆಲ್ಲ ಉದುರಿದ ಹಣ್ಣು.

ಅವ್ವ ಬೇಳೆ ಒಲೆಗಿಟ್ಟು, "ಉರಿ ನೋಡಿಕೋತ ಕುಂದ್ರು" ಎಂದು ನನಗೆ ಹೇಳಿ, ಅಪ್ಪನ ಜೊತೆ ಹೊಲದ ಬದು ನೋಡಲು ಹೋದಳು. ಮಕ್ಕಳೇ, ಈಗ ಹೇಳಲೂ ನಾಚಿಕೆಯಾಗುತ್ತದೆ. ಬೇಳೆ ಬೇಯುವ ಮೊದಲೇ ಹುಳಿ ಹಾಕಿದ್ದಕ್ಕೆ ಅಕ್ಕ ಎಷ್ಟೋ ಸಲ ಬೈಸಿಕೊಂಡಿದ್ದಳು. ಹುಳಿ ಬಿದ್ದರೆ ಬೇಳೆ ಬೇಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಲ್ಲೂ ಬೇಳೆ ಬೇಯದಿದ್ದರೆ ನೀರು ಎರಡೂ ಕಡೆ ಒಂದೇ ಆಯಿತು, ಆಗ ಅಪ್ಪ ಮಣ್ಣು ನೋಡಿ ಕಾಲುವೆಯ ಜಾಗವನ್ನೇ ಆರಿಸುತ್ತಾನೆ ಎಂದು ಲೆಕ್ಕ ಹಾಕಿ, ಮೂರು ಹಣ್ಣು ಸುಲಿದು ಕುದಿಯುವ ಪಾತ್ರೆಗೆ ಹಾಕಿಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ನಾರು, ಬೀಜ ತೆಗೆದೆಸೆದೆ.

ಅವ್ವ ಬಂದು ಹಿಚುಕಿ ನೋಡಿದಳು. ಇನ್ನಷ್ಟು ಉರಿ ಹಾಕಿ ಕಾದಳು, ಮತ್ತೆ ಹಿಚುಕಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪ ಕಾಲುವೆಯ ಹೆಸರೇ ಎತ್ತಲಿಲ್ಲ. "ಬಿಡು, ನಮಗ ಬ್ರೂಸ್‌ಪೇಟೇನ ಬರದೈತಿ. ನಡೀರಿ, ಬಸ್ಸಿಗೆ ಹೊತ್ತಾತು" ಎಂದ. ನನ್ನ ಲೆಕ್ಕ ಪೂರ್ತಿ ತಪ್ಪಿತ್ತು.

ಮುದುಕಿಗೆ ಮಾತ್ರ ತಡೆಯಲಾಗಲಿಲ್ಲ. "ನನ್ನ ಬಾವ್ಯಾಗ ಬ್ಯಾಳಿ ಬೇಯಂಗಿಲ್ಲಾ? ಮದುವ್ಯಾಗಿ ಬಂದಾಗಿಂದ ಇದ ನೀರು ಕುಡದೀನಿ, ಇದರಾಗ ಅಡಗಿ ಮಾಡೀನಿ. ಇವತ್ತು ನೀರಿಗೆ ಏನ್ ಬಂತವ್ವಾ?" ಎನ್ನುತ್ತ ಬಾವಿಕಟ್ಟೆಗೆ ಹೋಗಿ ಬಗ್ಗಿ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ನಾನು ಓಡಿಹೋಗಿ ಅವಳ ಸೆರಗು ಹಿಡಿದುಕೊಂಡೆ.

"ಅಜ್ಜಿ, ನೀರಿಗೇನೂ ಆಗಿಲ್ಲ. ನಾನ ಹುಣಸಿಹಣ್ಣು ಹಾಕೀನಿ" ಎಂದು ಗೊಳೋ ಎಂದು ಅತ್ತುಬಿಟ್ಟೆ.

ಅವ್ವ ಒಂದು ಚಮಚ ಬಾಯಿಗಿಟ್ಟು ಮುಖ ಕಿವಿಚಿದಳು. ಹೊಡೆಯುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ. ಮುದುಕಿ ಅಡ್ಡ ಬಂದು, "ಲೇ ಹುಡುಗಿ, ಊರ ಮಂದಿಗೆಲ್ಲಾ ನನ್ನ ಬಾವಿ ಸವಳು ಅನಸ್ತಿದ್ದೆಲ್ಲೇ!" ಎಂದು ನನ್ನ ಕಿವಿ ಹಿಂಡಿ, ಹಾಗೇ ನಕ್ಕಳು. ತನ್ನ ಮಡಕೆಯಿಂದ ಒಂದು ಹಿಡಿ ಬೇಳೆ ತಂದುಕೊಟ್ಟಳು. ಅವ್ವ ಪಾತ್ರೆ ತಿಕ್ಕಿ, ಹೊಸ ನೀರು ಸೇದಿ ಮತ್ತೆ ಒಲೆಗಿಟ್ಟಳು. ಈ ಸಲ ನನ್ನನ್ನು ಒಲೆಯಿಂದ ಹತ್ತು ಮಾರು ದೂರ ಕೂರಿಸಿದ್ದರು.

ನಾಲ್ಕು ಗಂಟೆಯ ಬಸ್ಸು ಹೋಯಿತು. ಯಾರೂ ಏಳಲಿಲ್ಲ. ನಾವು ನಾಲ್ವರೂ ಆ ಪಾತ್ರೆಯನ್ನೇ ನೋಡುತ್ತ ಕೂತಿದ್ದೆವು. ಕಡೆಗೆ ಅವ್ವ ಒಂದು ಕಾಳು ತೆಗೆದು ಬೆರಳ ನಡುವೆ ಒತ್ತಿದಳು. ಅದು ಬೆಣ್ಣೆಯ ಹಾಗೆ ಕರಗಿತು. ಅವ್ವ ಆ ಬೆರಳನ್ನು ಅಪ್ಪನ ಮುಂದೆ ಹಿಡಿದು, "ಇಲ್ಲೇ ಇರೋಣ್ರಿ" ಎಂದಳು. ಅವತ್ತು ನನಗಾದಷ್ಟು ಸಂತೋಷ ಕಾಲುವೆ ಸಿಕ್ಕಿದ್ದರೂ ಆಗುತ್ತಿರಲಿಲ್ಲ. ರೊಟ್ಟಿಯ ಜೊತೆ ಅದೇ ಬೇಳೆಗೆ ಉಪ್ಪು ಹಾಕಿಕೊಂಡು ಉಂಡು, ಕಡೆಯ ಬಸ್ಸು ಹಿಡಿದೆವು.

ಈಗ ನಿಮ್ಮ ಮನೆಯಲ್ಲಿ ಕುಕ್ಕರ್ ನಾಲ್ಕು ಸೀಟಿ ಹೊಡೆದರೆ ಯಾವ ನೀರಾದರೂ ಬೇಳೆ ಬೇಯುತ್ತದೆ. ಕುಡಿಯುವ ನೀರು ಕ್ಯಾನಿನಲ್ಲಿ ಬಾಗಿಲಿಗೇ ಬರುತ್ತದೆ. ನಿಮ್ಮಪ್ಪ ಹೊಸ ಮನೆ ಹುಡುಕುವಾಗ ಫೋನಿನಲ್ಲಿ ಶಾಲೆ ಎಷ್ಟು ದೂರ, ನೆಟ್‌ವರ್ಕ್ ಸಿಗುತ್ತದೆಯೇ ಎಂದು ನೋಡುತ್ತಾನೆ. ನೋಡಲಿ, ಅದೂ ಬೇಕು. ರಜೆಗೆ ಕುರುಗೋಡಿಗೆ ಬಂದು ಬಾವಿಯ ಹತ್ತಿರ ಕುಣಿಯುವಾಗ ನಿಮಗೆ ಆ ಹುಣಸೆಮರದ ನೆರಳು ಇದೆ. ಅಡುಗೆಮನೆಗೆ ಮಾತ್ರ, ಬೇಳೆ ಬೇಯುವ ತನಕ, ನಾನು ನಿಮ್ಮನ್ನು ಬಿಡುವುದಿಲ್ಲ. ಯಾಕೆ ಅಜ್ಜಿ, ಯಾಕೆ ಅಜ್ಜಿ ಎಂದು ಪ್ರಾಣ ತಿನ್ನುತ್ತಿದ್ದಿರಲ್ಲ, ಈಗ ತಿಳಿಯಿತೇ? ನಿಮ್ಮ ವಯಸ್ಸಿನ ಒಂದು ಹುಡುಗಿಯನ್ನು ನಾನು ಚೆನ್ನಾಗಿ ಬಲ್ಲೆ.